ಹಣ್ಣು ತಿಂದವರ ಋಣ

ಪ್ರತಿ ವರ್ಷದಂತೆ ಈ ವರ್ಷವೂ ನಮ್ಮ ಶಾಲೆಯಲ್ಲಿ ವನಮಹೋತ್ಸವವು ಸಾಂಗವಾಗಿ ನೆರವೇರಿತು. ಗುಂಡಿಗಳನ್ನು ಹಿಂದಿನ ದಿನವೇ ತೋಡಿಡಲಾಗಿತ್ತು. ಪ್ರಾರ್ಥನೆ, ಸ್ವಾಗತ, ಭಾಷಣಗಳು ಮುಗಿದ ಮೇಲೆ ಅತಿಥಿಗಳು ಆರು ಸಸಿಗಳನ್ನು ನೆಟ್ಟು ನೀರೆರೆದರು, ಭಾವಚಿತ್ರ ತೆಗೆಸಿಕೊಂಡದ್ದಾಯಿತು, ಎಲ್ಲರೂ ಲಘು ಉಪಾಹಾರಕ್ಕೆ ತೆರಳಿದೆವು. 1950ರಲ್ಲಿ ಕೆ. ಎಂ. ಮುನ್ಷಿಯವರು ಕೇಂದ್ರ ಸಚಿವರಾಗಿದ್ದಾಗ ಆರಂಭಿಸಿದ ಈ ಹಬ್ಬವನ್ನು ಹಗುರಾಗಿ ಕಾಣುವವರ ಪಂಕ್ತಿಯಲ್ಲಿ ನಾವಿಲ್ಲ. ಆದರೂ ಒಂದು ಮಾತನ್ನು ಮುಚ್ಚಿಡಲಾರೆವು. ಕಳೆದ ವರ್ಷ ನೆಟ್ಟ ಆರು ಸಸಿಗಳಲ್ಲಿ ಇಂದು ಬದುಕಿ ಉಳಿದಿರುವುದು ಎರಡು ಮಾತ್ರ. ಅದೇ ಅವಧಿಯಲ್ಲಿ, ಕುಡಿಯುವ ನೀರಿನ ತೊಟ್ಟಿಯ ಹಿಂದಣ ಗೋಡೆಯ ಬಿರುಕಿನಲ್ಲಿ, ಯಾರೂ ನೆಡದ, ಯಾರೂ ನೀರೆರೆಯದ ಅರಳಿಯ ಗಿಡವೊಂದು ಹುಟ್ಟಿಕೊಂಡಿತು. ಮೂರು ಬಾರಿ ಕಿತ್ತರೂ ನಾಲ್ಕನೆಯ ಬಾರಿ ಚಿಗುರಿ ನಿಂತಿದೆ. ಅದನ್ನು ನೆಟ್ಟವರು ಯಾರು? ಅವರಿಗೆ ಹಾರ ಹಾಕಿದವರಿಲ್ಲ, ಭಾಷಣಕ್ಕೆ ಕರೆದವರೂ ಇಲ್ಲ.

ಈ ಪ್ರಶ್ನೆಯನ್ನು ಕೇವಲ ವಿನೋದಕ್ಕಾಗಿ ನಾವು ಎತ್ತುತ್ತಿಲ್ಲ. ನಮ್ಮ ಶಾಲೆಯ ಹಿಂಭಾಗದಲ್ಲಿ, ಆಟದ ಸಾಮಾನಿನ ಕೊಠಡಿಗೂ ಆವರಣದ ಗೋಡೆಗೂ ನಡುವೆ, ಹಳೆಯ ಅತ್ತಿಯ ಮರವೊಂದಿರುವುದನ್ನು ನೀವೆಲ್ಲ ಬಲ್ಲಿರಿ. ಅದರ ಮೇಲೆ ಈಗ ದೂರುಗಳ ಸುರಿಮಳೆಯಾಗಿದೆ. ಹಣ್ಣು ಬಿದ್ದು ನೆಲ ಜಾರುತ್ತದೆ, ಸುಣ್ಣ ಬಳಿದ ಗೋಡೆಗೆ ಕಲೆ ಹತ್ತುತ್ತದೆ, ರಾತ್ರಿಯ ಹೊತ್ತು ಬಾವಲಿಗಳು ಬಂದು ಕಿರುಚಾಡುತ್ತವೆ, ಬಾವಲಿಯೆಂದರೆ ರೋಗ. ಆದುದರಿಂದ ಮರವನ್ನು ಕಡಿಸಿ ಆ ಜಾಗಕ್ಕೆ ಸಿಮೆಂಟು ಹಾಸಬೇಕೆಂದು ಪೋಷಕರ ಸಭೆಯೊಂದರಲ್ಲಿ ಸಲಹೆ ಬಂದಿತು. ಬೇಕಾದರೆ ಅದರ ಬದಲಿಗೆ ಎರಡು ಹೂವಿನ ಸಸಿಗಳನ್ನು ನೆಡೋಣವೆಂಬ ಮಾತೂ ಬಂದಿತು. ದೂರುಗಳಲ್ಲಿ ಒಂದೂ ಸುಳ್ಳಲ್ಲ. ಆದರೂ ಮರವು ಉಳಿಯತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ಅದು ಏಕೆಂಬುದನ್ನು ಹೇಳುವುದಕ್ಕೆ ಈ ಪುಟಗಳನ್ನು ಬಳಸಿಕೊಳ್ಳುತ್ತಿದ್ದೇವೆ.

ಮೊದಲು ನಾವು ಕಣ್ಣಾರೆ ಕಂಡದ್ದನ್ನು ಹೇಳುತ್ತೇವೆ. ಬೇವು ಹಣ್ಣಾಗುವ ಕಾಲದ ಒಂದು ಸಂಜೆ, ಏಳನೆಯ ತರಗತಿಯ ಕೆಲವು ವಿದ್ಯಾರ್ಥಿಗಳು ಹಳೆಯ ಪಂಚೆಯೊಂದನ್ನು ಅತ್ತಿಯ ಮರದಡಿಯಲ್ಲಿ ಹಾಸಿ, ನಾಲ್ಕು ಮೂಲೆಗೂ ಇಟ್ಟಿಗೆ ಚೂರುಗಳನ್ನಿಟ್ಟು ಮನೆಗೆ ಹೋದರು. ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಮುನ್ನ ಬಂದು, ಕಡ್ಡಿಯಿಂದ ಸರಿಸಿ ಸರಿಸಿ ನೋಡಿದರು. ಅತ್ತಿಯ ಹಣ್ಣಿನ ತುಣುಕುಗಳಿದ್ದುವು, ಅದು ನಿರೀಕ್ಷಿತವೇ. ರಸವನ್ನೆಲ್ಲ ಹೀರಿ ಉಗುಳಿದ ನಾರಿನ ಪುಟ್ಟ ಉಂಡೆಗಳಿದ್ದುವು. ಅವು ಬಾವಲಿಯ ಬಾಯಿಂದ ಬಿದ್ದುವು. ಆದರೆ ಅವುಗಳ ನಡುವೆ ಬೇವಿನ ಬೀಜಗಳಿದ್ದುವು, ನೇರಳೆಯ ಬೀಜಗಳಿದ್ದುವು, ಹಲ್ಲಿನ ಗುರುತುಳ್ಳ ಒಂದು ನಾಡಬಾದಾಮಿಯ ಕಾಯೂ ಇದ್ದಿತು. ನಮ್ಮ ಆವರಣದಲ್ಲಿ ಬೇವಿಲ್ಲ, ನೇರಳೆಯಿಲ್ಲ, ಬಾದಾಮಿಯೂ ಇಲ್ಲ. ಅತ್ತಿಯ ಹಣ್ಣಿಗೆಂದು ಬಂದ ಅತಿಥಿಗಳು ಊರಿನ ಬೇರೆ ಬೇರೆ ತೋಟಗಳಿಂದ ಬೀಜಗಳನ್ನು ಹೊತ್ತು ತಂದು ಇಲ್ಲಿ ಇಳಿಸಿ ಹೋಗಿದ್ದುವು. ಒಬ್ಬ ಹುಡುಗನು, "ಸಾರ್, ಇವು ತಾಂಬೂಲ ಕೊಟ್ಟು ಹೋಗುತ್ತವೆ" ಎಂದನು. ಅವನಿಗೆ ಆ ದಿನ ವಿಜ್ಞಾನದಲ್ಲಿ ಪೂರ್ಣ ಅಂಕಗಳನ್ನು ಕೊಟ್ಟೆವು.

ಹಣ್ಣು ಎಂಬುದು ಏತಕ್ಕಾಗಿ ಇದೆ ಎಂಬುದನ್ನು ನಾವು ಯೋಚಿಸುವುದೇ ಅಪರೂಪ. ನಮಗಾಗಿಯೇ ದೇವರು ಸೃಷ್ಟಿಸಿದನೆಂದು ಹೇಳಿ ಸುಮ್ಮನಾಗುತ್ತೇವೆ. ಮರಕ್ಕೆ ಕಾಲಿಲ್ಲ, ಆದರೆ ಅದರ ಸಂತಾನವು ದೂರ ಹೋಗಲೇಬೇಕಾಗಿದೆ. ತಾಯಿಮರದ ಬುಡದಲ್ಲಿಯೇ ಬಿದ್ದ ಬೀಜಕ್ಕೆ ಬಿಸಿಲು ಸಿಗುವುದಿಲ್ಲ. ಅದಕ್ಕಿಂತಲೂ ದೊಡ್ಡ ವಿಪತ್ತು ಇನ್ನೊಂದಿದೆ. ತಾಯಿಯ ಮೇಲೆ ಬದುಕುವ ಹುಳು, ಬೂಷ್ಟು, ರೋಗಗಳೆಲ್ಲ ಅಲ್ಲಿಯೇ ಕಾದಿರುತ್ತವೆ. ಒತ್ತಾಗಿ ಮೊಳೆತ ಮರಿಗಳನ್ನು ಅವು ಸಾಲಾಗಿ ಮುಗಿಸಿಬಿಡುತ್ತವೆ. ಜಾನ್‌ಜೆನ್ ಎಂಬವರು 1970ರಲ್ಲಿ, ಕಾನೆಲ್ ಎಂಬವರು 1971ರಲ್ಲಿ, ಒಬ್ಬರನ್ನೊಬ್ಬರು ಅವಲಂಬಿಸದೆಯೇ ಈ ಸಂಗತಿಯನ್ನು ಎತ್ತಿ ತೋರಿಸಿದರು. ಮಳೆಕಾಡಿನಲ್ಲಿ ಒಂದೇ ಜಾತಿಯ ಮರಗಳು ಗುಂಪುಗೂಡದೆ ಹತ್ತಾರು ಜಾತಿಗಳು ಬೆರೆತು ನಿಲ್ಲುವುದಕ್ಕೆ ಇದೂ ಒಂದು ಕಾರಣವೆಂದು ಅವರು ತರ್ಕಿಸಿದರು. ತಾಯಿಯ ನೆರಳಿನಿಂದ ದೂರ ಬಿದ್ದವನೇ ಬಾಳಿಯಾನು ಎಂದಾಯಿತು. ಉಡುಪಿಯಿಂದಲೋ ಬೆಂಗಳೂರಿನಿಂದಲೋ ಬಂದು ಮದರಾಸಿನಲ್ಲಿ ಬೇರೂರಿದ ಮನೆತನಗಳ ಮಕ್ಕಳಾದ ನಿಮಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಗಾಳಿಯನ್ನು ನಂಬಿದ ಮರಗಳುಂಟು. ಬೂರುಗದ ಅರಳೆ, ಹೊನ್ನೆಯ ರೆಕ್ಕೆಗಾಯಿ ಇವನ್ನು ನೀವು ಕಂಡಿರಬಹುದು. ನೀರನ್ನು ನಂಬಿದವುಗಳೂ ಉಂಟು. ಆದರೆ ದಟ್ಟವಾದ ಮಳೆಕಾಡಿನ ಒಳಗೆ ಗಾಳಿಯು ಸುಳಿಯುವುದೇ ಕಡಮೆ. ಅಲ್ಲಿಯ ಮರಗಳಲ್ಲಿ ಬಹುಪಾಲು, ಹತ್ತರಲ್ಲಿ ಏಳೆಂಟು ಎಂದರೂ ತಪ್ಪಾಗದು, ಬೀಜವನ್ನು ಸಾಗಿಸಲು ಪ್ರಾಣಿಪಕ್ಷಿಗಳನ್ನೇ ನೆಚ್ಚಿಕೊಂಡಿವೆ. ಸಿಹಿಯಾದ ತಿರುಳು ಅವುಗಳಿಗೆ ಕೊಡುವ ಕೂಲಿ. ಬೀಜವು ಬಲಿಯುವ ತನಕ ಕಾಯಿ ಹಸಿರು, ಒಗರು. ಬಲಿತ ಮೇಲೆ ಬಣ್ಣ, ಪರಿಮಳ. ಕೆಲಸಕ್ಕೆ ಮುಂಚೆ ಕೂಲಿ ಕೊಡುವಷ್ಟು ಮರವು ದಡ್ಡನಲ್ಲ.

ಈ ಕೂಲಿಯಾಳುಗಳು ಕೆಲಸ ಮಾಡುವ ರೀತಿಯೂ ಬಗೆಬಗೆಯಾಗಿದೆ. ಪಿಕಳಾರ, ಕೋಗಿಲೆಗಳು ಚಿಕ್ಕ ಹಣ್ಣನ್ನು ಇಡಿಯಾಗಿ ನುಂಗುತ್ತವೆ. ನೀಲಗಿರಿಯ ಬುಡದ ಮುದುಮಲೈ ಕಾಡಿನಲ್ಲಿ ಜಿಂಕೆಗಳು ಉದುರಿದ ನೆಲ್ಲಿಕಾಯನ್ನು ತಿಂದು, ಎಲ್ಲಿಯೋ ನೆರಳಿನಲ್ಲಿ ಮಲಗಿ ಮೆಲುಕು ಹಾಕುವಾಗ ಗೊರಟೆಯನ್ನು ಉಗುಳಿಬಿಡುವುದನ್ನು ಅಭ್ಯಾಸಿಗಳು ಕಂಡುಕೊಂಡಿದ್ದಾರೆ. ಆನೆಯು ಬೇಲದ ಹಣ್ಣನ್ನು ಕರಟದ ಸಮೇತ ಬಾಯಿಗಿಡುತ್ತದೆ. ಒಳಗಿನ ಸಾರ ಹೋಗಿ ಹೊರಗೆ ಮಾತ್ರ ಇದ್ದಂತೆ ಕಾಣುವ ಮನುಷ್ಯನಿಗೆ ಆನೆ ತಿಂದ ಬೇಲದ ಹಣ್ಣಿನ ಹೋಲಿಕೆಯನ್ನು ನಮ್ಮ ಪ್ರಾಚೀನರು ಕೊಡುತ್ತಿದ್ದುದನ್ನು ನಿಮ್ಮ ಪಂಡಿತರು ಹೇಳಿರಬಹುದು. ಸಸ್ಯಶಾಸ್ತ್ರಜ್ಞರು ಹಿಂದೆ ಈ ಮರಕ್ಕಿಟ್ಟಿದ್ದ ಫೆರೋನಿಯಾ ಎಲಿಫಾಂಟಮ್ ಎಂಬ ಹೆಸರಿನಲ್ಲಿಯೂ ಆನೆಯು ಸೇರಿಕೊಂಡಿತ್ತು. ಆನೆಯ ಮೊಗದ ದೇವರಿಗೆ ಬೇಲವೂ ನೇರಳೆಯೂ ಪ್ರಿಯವೆಂದು ಹಾಡಿದವರು ಕಾಡನ್ನು ಚೆನ್ನಾಗಿ ನೋಡಿದವರೇ ಆಗಿದ್ದಿರಬೇಕೆಂದು ನಮಗೆ ತೋರುತ್ತದೆ.

ಎಲ್ಲಕ್ಕಿಂತಲೂ ನಮ್ಮ ಮನಸ್ಸನ್ನು ಸೆಳೆದಿರುವುದು ಮಂಗಟ್ಟೆ ಹಕ್ಕಿ. ರಜೆಯಲ್ಲಿ ಉತ್ತರ ಕನ್ನಡಕ್ಕೆ ಹೋಗುವವರು ಕಾಳೀನದಿಯ ತೀರದಲ್ಲಿರುವ ದಾಂಡೇಲಿಯಲ್ಲಿ ಇದನ್ನು ಕಾಣಬಹುದು. ನಾಲ್ಕು ಬಗೆಯ ಮಂಗಟ್ಟೆಗಳು ಅಲ್ಲಿವೆ. 2011ರಲ್ಲಿ ಕರ್ನಾಟಕ ಸರಕಾರವು ಆ ಕಾಡಿನ ಭಾಗವನ್ನು ಮಂಗಟ್ಟೆಗಳ ಹೆಸರಿನಲ್ಲಿಯೇ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಮರಿ ಮಾಡುವ ಕಾಲದಲ್ಲಿ ಹೆಣ್ಣು ಹಕ್ಕಿಯು ದೊಡ್ಡ ಮರದ ಪೊಟರೆಯನ್ನು ಹೊಕ್ಕು, ಬಾಗಿಲನ್ನು ತನ್ನ ಹಿಕ್ಕೆ ಮತ್ತು ಹಣ್ಣಿನ ಚರಟದಿಂದ ಮೆತ್ತಿ ಮುಚ್ಚಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ಹಿಡಿಸುವಷ್ಟು ಸೀಳು ಮಾತ್ರ. ಮೂರು ನಾಲ್ಕು ತಿಂಗಳ ಕಾಲ ಈ ಸಂಸಾರದ ಅನ್ನವೆಲ್ಲ ಗಂಡಿನ ಕೊಕ್ಕಿನಿಂದಲೇ ಬರಬೇಕು. ಅದು ಕಾಡನ್ನೆಲ್ಲ ಸುತ್ತಿ, ಅತ್ತಿ, ಆಲ, ಬಸರಿಯ ಹಣ್ಣುಗಳನ್ನು ಗಂಟಲಲ್ಲಿ ತುಂಬಿಕೊಂಡು ಬಂದು, ಸೀಳಿನ ಮುಂದೆ ಕುಳಿತು ಒಂದೊಂದಾಗಿ ಹೊರತೆಗೆದು ಒಳಗೆ ನೀಡುತ್ತದೆ. ಅದು ಬರುವ ರೆಕ್ಕೆಯ ಸದ್ದು ಬಹು ದೂರದಿಂದಲೇ ಕೇಳುವುದುಂಟು. ಗೂಡಿರುವ ಮರದ ಬುಡದಲ್ಲಿ ನೋಡಿದರೆ ಊರಿನ ಹಣ್ಣುಗಳದೆಲ್ಲ ಬೀಜ ರಾಶಿಯಾಗಿ, ಮಳೆ ಬಿದ್ದೊಡನೆ ಮೊಳೆತು ನಿಂತಿರುತ್ತದೆ.

ರಾಮಪತ್ರೆ, ಧೂಪ ಮೊದಲಾದ ಮರಗಳ ಬೀಜವು ದೊಡ್ಡದು. ಅದನ್ನು ನುಂಗಿ ಒಯ್ಯುವುದು ಪಿಕಳಾರದ ಕೈಲಾಗುವ ಕೆಲಸವಲ್ಲ. ಅದಕ್ಕೆ ಮಂಗಟ್ಟೆಯ ಕೊಕ್ಕೇ ಬೇಕು, ಇಲ್ಲವೇ ಕಾಡಿನ ದೊಡ್ಡ ಪಾರಿವಾಳದ ಅಗಲವಾದ ಗಂಟಲು ಬೇಕು. ಅಡಿಗೆಮನೆಯಲ್ಲಿ ಪಲಾವಿಗೆ ಹಾಕುವ ಪತ್ರೆಯು ರಾಮಪತ್ರೆಯ ಬೀಜದ ಸುತ್ತ ಕೆಂಪಗೆ ಹೆಣೆದುಕೊಂಡಿರುವ ಹೊದಿಕೆ. ಮರವು ಆ ಬಣ್ಣವನ್ನು ಹಕ್ಕಿಯ ಕಣ್ಣಿಗಾಗಿ ಬಳಿದದ್ದು, ನಮ್ಮ ಪಲಾವಿಗಾಗಿ ಅಲ್ಲ. ಶಿರಸಿ, ಹೊನ್ನಾವರಗಳ ಕಡೆ ಅಘನಾಶಿನಿಯ ಕಣಿವೆಯಲ್ಲಿ ಸಿಂಗಳೀಕಗಳಿಗಾಗಿ 2011ರಲ್ಲಿಯೇ ಇನ್ನೊಂದು ಮೀಸಲು ಪ್ರದೇಶವಾಯಿತು. ಅಲ್ಲಿಯ ಕತ್ತಲೆಕಾನಿನಲ್ಲಿ ಕಾಡುಜಾಯಿಯ ಮರಗಳು ಜೌಗಿನ ನೆಲದಲ್ಲಿ ಬೇರುಗಳನ್ನು ಮೇಲೆತ್ತಿ ನಿಂತಿವೆ. ಸಿಂಗಳೀಕವು ಹಣ್ಣನ್ನು ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ಹೋಗಿ ಬೇರೆಡೆ ಕುಳಿತು ತಿನ್ನುತ್ತದೆ. ಕೆಲವು ಬೀಜಗಳನ್ನು ಕಡಿದು ಹಾಳು ಮಾಡುವುದೂ ಉಂಟು. ಆಳೆಂದ ಮೇಲೆ ಅಷ್ಟಿಷ್ಟು ಸೋರಿಕೆಯನ್ನು ಯಜಮಾನನು ತಾಳಿಕೊಳ್ಳಬೇಕು.

ಕಾಡು ಇರುವಲ್ಲಿ ಇದೆಲ್ಲ ಸರಿ, ಕಾಡು ಹೋದ ಮೇಲೆ ಏನು ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ನಮ್ಮ ತಮಿಳುನಾಡಿನಲ್ಲಿಯೇ ಇದೆ. ಕೊಯಮತ್ತೂರು ಜಿಲ್ಲೆಯ ಆನೆಮಲೆಯಲ್ಲಿ ವಾಲ್ಪಾರೈ ಎಂಬ ಪ್ರಸ್ಥಭೂಮಿಯಿದೆ. ಬ್ರಿಟಿಷರ ಕಾಲದಲ್ಲಿ ಅಲ್ಲಿಯ ಮಳೆಕಾಡನ್ನು ಕಡಿದು ಚಹಾ, ಕಾಫಿ ಬೆಳೆದರು. ಇಂದು ಬೆಟ್ಟವೆಲ್ಲ ಕತ್ತರಿಸಿದ ಹಸಿರು ಜಮಖಾನೆಯಂತೆ ಚಹಾ. ನಡುನಡುವೆ ದ್ವೀಪಗಳಂತೆ ಕಾಡಿನ ತುಂಡುಗಳು. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಎಂಬ ಸಂಸ್ಥೆಯ ದಿವ್ಯಾ ಮುದ್ದಪ್ಪ ಮತ್ತು ಟಿ. ಆರ್. ಶಂಕರ್ ರಾಮನ್ ಎಂಬ ವಿಜ್ಞಾನಿಗಳು ಇಪ್ಪತ್ತು ವರ್ಷಗಳಿಗೂ ಮಿಕ್ಕ ಕಾಲದಿಂದ ಆ ತುಂಡುಗಳನ್ನು ಮತ್ತೆ ಕಾಡಾಗಿಸುವ ಕೆಲಸದಲ್ಲಿ ತೊಡಗಿದ್ದಾರೆ. ಚಹಾತೋಟದವರ ಒಪ್ಪಿಗೆ ಪಡೆದು, ಲಂಟಾನದ ಕಳೆಯನ್ನು ಕಿತ್ತು, ಆ ನೆಲಕ್ಕೇ ಸೇರಿದ ನೂರಕ್ಕೂ ಮಿಕ್ಕ ಜಾತಿಯ ಮರಗಳ ಸಸಿಗಳನ್ನು ಬೆಳೆಸಿ ನೆಟ್ಟಿದ್ದಾರೆ. ನೆಟ್ಟದ್ದು ಮನುಷ್ಯರೇ ಅಲ್ಲವೇ ಎಂದು ಯಾರಾದರೂ ವಾದಿಸಬಹುದು. ನಿಜ, ನೆಲವು ತೀರ ಕೆಟ್ಟಿದ್ದಾಗ ಮೊದಲ ಕೈ ನಮ್ಮದೇ ಆಗಬೇಕು. ಆದರೆ ನೆಟ್ಟ ಮರವು ಬೆಳೆದು, ಹಣ್ಣು ಬಿಟ್ಟು, ಅದರ ಮಗುವು ಇನ್ನೊಂದು ಬೆಟ್ಟದಲ್ಲಿ ಮೊಳೆಯಬೇಕಾದರೆ ಯಾವ ಸಂಸ್ಥೆಯ ಕೈಯೂ ಅಲ್ಲಿಗೆ ಮುಟ್ಟದು.

ಆ ಕೈ ಯಾರದೆಂಬುದನ್ನು ದಿವ್ಯಾ ಮುದ್ದಪ್ಪನವರು ಅದಕ್ಕಿಂತ ಮೊದಲೇ, ದಕ್ಷಿಣದ ಕಳಕ್ಕಾಡು-ಮುಂಡಂದುರೈ ಕಾಡಿನಲ್ಲಿ ಅಭ್ಯಾಸ ಮಾಡಿದ್ದರು. ಸಹ್ಯಾದ್ರಿಯಲ್ಲಲ್ಲದೆ ಲೋಕದಲ್ಲಿ ಬೇರೆಲ್ಲಿಯೂ ಇಲ್ಲದ ಕಂದುಬಣ್ಣದ ಕಬ್ಬೆಕ್ಕು ಎಂಬ ನಿಶಾಚರಿಯೊಂದಿದೆ. ಹೆಸರಿನಲ್ಲಿ ಬೆಕ್ಕು, ಹಲ್ಲು ಮಾಂಸಾಹಾರಿಯದು, ಹೊಟ್ಟೆಯೋ ಹಣ್ಣಿನದು. ಅದರ ಹಿಕ್ಕೆಗಳನ್ನು ವರ್ಷಗಟ್ಟಲೆ ಆಯ್ದು ಶೋಧಿಸಿದಾಗ 50ಕ್ಕೂ ಹೆಚ್ಚು ಜಾತಿಯ ಸಸ್ಯಗಳ ಬೀಜಗಳು ದೊರೆತುವು. ಹಿಕ್ಕೆಯನ್ನು ಆಯುವುದೂ ಒಂದು ವಿದ್ಯೆಯೇ ಎಂದು ನಗಬೇಡಿರಿ. ಬೈನೆಯ ಹಣ್ಣನ್ನು ನಮ್ಮ ಕೈಯಲ್ಲಿ ಹಿಡಿದರೆ ನವೆ ಏಳುತ್ತದೆ. ಈ ಬೆಕ್ಕಿನ ಜಾತಿಯವು ಅದನ್ನು ನಿರಾಯಾಸವಾಗಿ ತಿಂದು, ಬಂಡೆಯ ಮೇಲೋ ಬಿದ್ದ ಮರದ ದಿಮ್ಮಿಯ ಮೇಲೋ ಬೀಜಗಳನ್ನು ಬಿಟ್ಟುಹೋಗುತ್ತವೆ.

ಹೊರನಾಡಿನ ದೃಷ್ಟಾಂತವೊಂದನ್ನೂ ಹೇಳಿಬಿಡುತ್ತೇವೆ. ಜಾವಾ, ಸುಮಾತ್ರಾಗಳ ನಡುವಣ ಕ್ರಕಟೋವಾ ದ್ವೀಪವು 1883ರ ಆಗಸ್ಟಿನಲ್ಲಿ ಜ್ವಾಲಾಮುಖಿಯಿಂದ ಸಿಡಿಯಿತು. ಉಳಿದ ನೆಲವೆಲ್ಲ ಬೂದಿಯ ಅಡಿಯಲ್ಲಿ ಹೂತುಹೋಯಿತು. ಐವತ್ತು ವರ್ಷಗಳಾಗುವಷ್ಟರಲ್ಲಿ ಅಲ್ಲಿ ಮತ್ತೆ ಕಾಡು ಕವಿದುಕೊಂಡಿತ್ತು. ಸಮುದ್ರವು ಕೆಲವು ಬೀಜಗಳನ್ನು ದಡಕ್ಕೆ ಒಗೆಯಿತು, ಗಾಳಿಯು ಕೆಲವನ್ನು ತಂದಿತು. ಆದರೆ ಒಳನಾಡಿನ ಆಲ, ಅತ್ತಿಗಳ ಬಳಗವೆಲ್ಲ ಬಾವಲಿ ಮತ್ತು ಹಕ್ಕಿಗಳ ಹೊಟ್ಟೆಯಲ್ಲಿ ಕಡಲು ದಾಟಿ ಬಂದುದು. ಅಲ್ಲಿ ವನಮಹೋತ್ಸವ ಮಾಡಿದವರಿಲ್ಲ.

ಇದರ ಮಗ್ಗುಲನ್ನು ತಿರುವಿ ನೋಡಿದರೆ ಭಯವಾಗುತ್ತದೆ. ಮರಗಳು ನಿಂತಿವೆ, ಆದರೆ ಹಕ್ಕಿಯಿಲ್ಲ, ಕೋತಿಯಿಲ್ಲ, ಆನೆಯಿಲ್ಲ. ಎಲ್ಲವೂ ಬೇಟೆಗೋ ಬಂದೂಕಿಗೋ ತುತ್ತಾಗಿವೆ. ಕೆಂಟ್ ರೆಡ್‌ಫರ್ಡ್ ಎಂಬವರು 1992ರಲ್ಲಿ ಇಂಥದನ್ನು ಬರಿದಾದ ಕಾಡು ಎಂದು ಕರೆದರು. ಮೊದಲು ಹೋಗುವುವು ದೊಡ್ಡ ಪ್ರಾಣಿಗಳು. ಅವುಗಳೊಡನೆ ದೊಡ್ಡ ಬೀಜದ ಮರಗಳ ವಂಶವೂ ಕುಗ್ಗತೊಡಗುತ್ತದೆ. ಗಟ್ಟಿಯಾದ, ಭಾರವಾದ, ಬಹುಕಾಲ ಬಾಳುವ ಮರಗಳು ಇವುಗಳಲ್ಲಿಯೇ ಹಲವು. ಮುದುಕರು ಇದ್ದಾರೆ, ಮಕ್ಕಳಿಲ್ಲ. ಅಂಥ ಮನೆಯನ್ನು ಹೊರಗಿನಿಂದ ನೋಡಿದವರಿಗೆ ದೀಪ ಉರಿಯುವುದೇ ಕಾಣುತ್ತದೆ.

ಚೆನ್ನೈಗೆ ಬರೋಣ. ಇಲ್ಲಿ ಮಳೆಕಾಡಿಲ್ಲ. ಆದರೆ ಕೋರಮಂಡಲ ತೀರಕ್ಕೆ ತನ್ನದೇ ಆದ ಒಂದು ಕಾಡಿದೆ. ಕುಳ್ಳಾಗಿ, ಒತ್ತಾಗಿ, ಬೇಸಗೆಯಲ್ಲಿಯೂ ಹಸಿರಾಗಿ ನಿಲ್ಲುವ ಕಾಡು. ಅದರ ಮರಪೊದೆಗಳಲ್ಲಿಯೂ ಬಹುಪಾಲು ತಿರುಳುಳ್ಳ ಹಣ್ಣಿನವೇ. ಅದರ ಒಂದು ತುಣುಕು ನಗರದ ನಡುವೆಯೇ ಗಿಂಡಿಯಲ್ಲಿ ಉಳಿದಿದೆ. ಸುಮಾರು 270 ಹೆಕ್ಟೇರಿನ ಆ ನೆಲವು 1978ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ನಿಮ್ಮಲ್ಲಿ ಹಲವರು ಮಕ್ಕಳ ಉದ್ಯಾನಕ್ಕೆ ಹೋಗಿ, ಗೋಡೆಯಾಚೆಗೆ ಇಂಥದೊಂದು ಕಾಡಿದೆಯೆಂಬುದನ್ನು ಅರಿಯದೆಯೇ ಐಸ್‌ಕ್ರೀಮು ತಿಂದು ಮರಳಿದ್ದೀರಿ. ಅಲ್ಲಿ ಕೃಷ್ಣಮೃಗ, ಜಿಂಕೆಗಳಲ್ಲದೆ ನರಿಯಿದೆ; ಅದು ಬೋರೆಹಣ್ಣನ್ನು ಪ್ರೀತಿಯಿಂದ ತಿನ್ನುತ್ತದೆ. ತಮಿಳರು ಮರನಾಯ್ ಎನ್ನುವ ಪುನುಗು ಬೆಕ್ಕಿನ ಬಳಗದ ಪ್ರಾಣಿಯಿದೆ. ಅದು ಊರೊಳಗಿನ ಹಳೆಯ ಮನೆಗಳ ಅಟ್ಟದಲ್ಲಿಯೂ ವಾಸವಾಗಿದ್ದು, ರಾತ್ರಿಯಲ್ಲಿ ತಂತಿಯ ಮೇಲೆ ನಡೆದು ಮಾವು, ಸಪೋಟಾ ಹುಡುಕುತ್ತದೆ.

2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತವು ಈ ನಗರದ ಮೇಲೆ ಎರಗಿ ಸಾವಿರಾರು ಮರಗಳನ್ನು ಉರುಳಿಸಿತು. ಆಗ ನೀವು ಬಹಳ ಚಿಕ್ಕವರು. ನಿಮ್ಮ ತಂದೆತಾಯಂದಿರನ್ನು ಕೇಳಿರಿ. ದಿನಗಟ್ಟಲೆ ಬೀದಿಗಳಲ್ಲಿ ಕೊಂಬೆಗಳ ರಾಶಿ, ವಿದ್ಯುತ್ತಿಲ್ಲ, ಎಲ್ಲೆಲ್ಲಿಯೂ ಕೊಡಲಿ ಮತ್ತು ಗರಗಸದ ಸದ್ದು. ಆ ಬಳಿಕ ಊರೆಲ್ಲ ಸಸಿ ನೆಡುವ ಉತ್ಸಾಹ ತುಂಬಿತು. ಆ ಉತ್ಸಾಹಕ್ಕೆ ನಾವು ನಮಸ್ಕಾರ ಮಾಡುತ್ತೇವೆ. ಆದರೆ ಏನನ್ನು ನೆಡುತ್ತೇವೆಂಬ ವಿಷಯದಲ್ಲಿ ನಮ್ಮದೊಂದು ತಕರಾರಿದೆ. ನಮ್ಮ ಸಾಲುಮರಗಳಲ್ಲಿ ಗುಲ್‌ಮೊಹರು ಮಡಗಾಸ್ಕರಿನಿಂದ ಬಂದದ್ದು, ಮಳೆಮರವು ದಕ್ಷಿಣ ಅಮೆರಿಕೆಯಿಂದ. ಹೊರಗಿನವೆಂಬ ಕಾರಣಕ್ಕಾಗಿ ನಾವು ದ್ವೇಷಿಸುವವರಲ್ಲ. ಹೊರಗಿನಿಂದ ಬಂದವರು ಹಾಗೆ ಮಾತನಾಡುವುದು ಸಲ್ಲದು. ಆದರೆ ಗುಲ್‌ಮೊಹರಿನ ಕಟ್ಟಿಗೆಯಂಥ ಕಾಯಿ ಕೋಗಿಲೆಗೆ ಏನು ಪ್ರಯೋಜನ? ಕಣ್ಣಿಗೆ ಹಬ್ಬವಾದ ಬೀದಿಯು ಹೊಟ್ಟೆಗೆ ಉಪವಾಸ. ನೇರಳೆ, ಬೇವು, ಅತ್ತಿ, ಆಲ, ಗೋಣಿಗಳನ್ನು ನೆಟ್ಟಿದ್ದರೆ ಒಂದೊಂದು ಮರವೂ ಅನ್ನಛತ್ರವಾಗುತ್ತಿತ್ತು. ಮಿಕ್ಕ ಮರಗಳು ಋತುವಿಗೆ ಒಮ್ಮೆ ಹಣ್ಣು ಬಿಟ್ಟು ಸುಮ್ಮನಾದರೆ, ಅತ್ತಿ, ಆಲಗಳ ಬಳಗದಲ್ಲಿ ಒಂದಲ್ಲ ಒಂದು ಮರ ವರ್ಷದ ಎಲ್ಲ ಕಾಲದಲ್ಲಿಯೂ ಹಣ್ಣಾಗಿರುತ್ತದೆ. ಬರಗಾಲದ ದಿನಗಳಲ್ಲಿ ಹಕ್ಕಿಗಳ ಪ್ರಾಣ ಉಳಿಸುವುದು ಇದೇ ಕುಲ. ಅಡ್ಯಾರಿನ ಥಿಯಾಸಾಫಿಕಲ್ ಸೊಸೈಟಿಯ ದೊಡ್ಡ ಆಲವನ್ನು ನೀವು ನೋಡಿರಬಹುದು. 1989ರ ಗಾಳಿಗೆ ಅದರ ಮೂಲಕಾಂಡವೇ ಉರುಳಿದರೂ ಬಿಳಲುಗಳ ಬಲದಿಂದ ಅದು ಇನ್ನೂ ನಿಂತಿದೆ, ಇನ್ನೂ ಹಣ್ಣು ಬಿಡುತ್ತಿದೆ.

ನಮ್ಮ ವಾದದ ದುರ್ಬಲ ಭಾಗಗಳನ್ನೂ ನಾವೇ ಹೇಳಬೇಕು. ಹಣ್ಣು ತಿನ್ನುವವರಿಗೆ ಒಳ್ಳೆಯ ಬೀಜ, ಕೆಟ್ಟ ಬೀಜವೆಂಬ ವಿವೇಕವಿಲ್ಲ. ಸಹ್ಯಾದ್ರಿಯನ್ನು ಕಾಡುತ್ತಿರುವ ಲಂಟಾನವನ್ನು ಹರಡಿದವರಲ್ಲಿ ಪಿಕಳಾರವೂ ಸೇರಿದೆ. ತಮಿಳುನಾಡಿನ ಕೆರೆಯಂಗಳಗಳನ್ನು ತುಂಬಿರುವ ಬಳ್ಳಾರಿ ಜಾಲಿಯನ್ನು ಹರಡಿದವು ಅದರ ಸಿಹಿಗಾಯಿ ತಿಂದ ಆಡು, ದನಗಳು. ಅರಳಿಯ ಬೇರು ಗೋಡೆಯನ್ನು ಸೀಳುವುದೂ ನಿಜ. ತೊಟ್ಟಿಯ ಹಿಂದಿನ ಗಿಡವನ್ನು ಐದನೆಯ ಬಾರಿ ಕೀಳುವುದಕ್ಕೆ ನಮ್ಮ ಅಡ್ಡಿಯಿಲ್ಲ. ಬೀಜ ಎಲ್ಲಿ ಬೀಳಬೇಕೆಂಬುದನ್ನು ನಾವು ಆಳಲಾರೆವು, ಯಾವುದು ಬೆಳೆಯಬೇಕೆಂಬುದನ್ನು ಆರಿಸಿಕೊಳ್ಳಬಲ್ಲೆವು. ತೋಟಗಾರನಿಗೆ ಉಳಿಯುವ ಕೆಲಸ ಅದು.

ಇನ್ನು ರೋಗದ ಮಾತು. 2018ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ನಿಪಾ ಜ್ವರವು ಹಲವರನ್ನು ಬಲಿ ತೆಗೆದುಕೊಂಡಿತು. ಆ ವಿಷಾಣುವಿನ ಆಶ್ರಯ ಹಣ್ಣುಬಾವಲಿಯೆಂಬುದು ವಿಜ್ಞಾನದ ನಿರ್ಣಯ. ತಾಯಂದಿರ ಭಯವನ್ನು ನಾವು ಅಲ್ಲಗಳೆಯುವುದಿಲ್ಲ. ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬಾರದು. ಸತ್ತ ಅಥವಾ ಗಾಯಗೊಂಡ ಬಾವಲಿಯನ್ನು ಮುಟ್ಟಬಾರದು. ಮರದಡಿಯಲ್ಲಿ ಬುತ್ತಿ ಬಿಚ್ಚಬಾರದು. ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಇವಿಷ್ಟು ಪಾಲಿಸಲು ಕೊಡಲಿ ಬೇಕಾಗಿಲ್ಲ. ಮರವನ್ನು ಕಡಿದರೆ ಬಾವಲಿಯೇನೂ ಚೆನ್ನೈ ಬಿಟ್ಟು ಹೋಗದು; ಹಸಿದು, ಮನುಷ್ಯರ ತೋಟಕ್ಕೂ ತಾರಸಿಗೂ ಇನ್ನಷ್ಟು ಹತ್ತಿರ ಬರುತ್ತದೆ. 1972ರ ವನ್ಯಜೀವಿ ಕಾಯಿದೆಯಲ್ಲಿ ಹಣ್ಣುಬಾವಲಿಯನ್ನು ಇಲಿ, ಹೆಗ್ಗಣ, ಕಾಗೆಗಳ ಜೊತೆಗೆ ಪೀಡೆಯ ಪ್ರಾಣಿಗಳ ಪಟ್ಟಿಗೆ ಸೇರಿಸಿದ್ದರು. ಐವತ್ತು ವರ್ಷಗಳಾದ ಮೇಲೆ, 2022ರ ತಿದ್ದುಪಡಿಯಲ್ಲಿ, ಆ ಪಟ್ಟಿಯನ್ನೇ ತೆಗೆದುಹಾಕಿದರು. ರಾಜ್ಯದ ಕಾನೂನಿಗೆ ಐವತ್ತು ವರ್ಷ ಹಿಡಿಯಿತು; ನಮ್ಮ ಶಾಲೆಗೆ ಅಷ್ಟು ಕಾಲ ಬೇಡವೆಂದು ಪ್ರಾರ್ಥಿಸುತ್ತೇವೆ.

ಆಡಳಿತ ಮಂಡಲಿಯ ಹಿರಿಯರಿಗೆ ನಮ್ಮ ಬಿನ್ನಹವು ದೊಡ್ಡದೇನಲ್ಲ. ಅತ್ತಿಯ ಮರವನ್ನು ಉಳಿಸಿಕೊಡಬೇಕು. ಮಕ್ಕಳು ಓಡಾಡುವ ಹಾದಿಯ ಮೇಲೆ ಚಾಚಿರುವ ಎರಡು ಕೊಂಬೆಗಳನ್ನು ಬೇಕಾದರೆ ಸವರಿಸಬಹುದು. ಗೋಡೆಗೆ ಬಿಳಿಯ ಸುಣ್ಣದ ಬದಲು ಕಾವಿಯನ್ನು ಬಳಿದರೆ ಕಲೆಯ ದೂರು ತಾನಾಗಿ ತಗ್ಗುವುದು. ಮರದ ಹಿಂದಣ ಹತ್ತು ಹೆಜ್ಜೆಯಷ್ಟು ಮಣ್ಣಿನ ನೆಲಕ್ಕೆ ಸಿಮೆಂಟು ಹಾಕದೆ, ಪೊರಕೆ ಮುಟ್ಟಿಸದೆ, ಬೇಲಿ ಕಟ್ಟಿ ಬಿಟ್ಟುಬಿಡಬೇಕು. ಬಾವಲಿ, ಪಿಕಳಾರ, ಕೋಗಿಲೆಗಳು ಅಲ್ಲಿ ಏನನ್ನು ಬಿತ್ತುತ್ತವೆಂಬುದನ್ನು ಮಕ್ಕಳು ಬರೆದಿಡಲಿ. ಮುಂದಿನ ವನಮಹೋತ್ಸವಕ್ಕೆ ಹೊರಗಿನಿಂದ ಸಸಿಗಳನ್ನು ಕೊಳ್ಳುವ ಮೊದಲು ಆ ಮೂಲೆಯನ್ನೊಮ್ಮೆ ನೋಡಬಹುದಲ್ಲವೇ?

ವಿಷಯವು ಬೇಸಗೆಯ ರಜೆಯ ಮುನ್ನ ಸಭೆಯ ಮುಂದೆ ಮತ್ತೆ ಬರಲಿದೆಯೆಂದು ತಿಳಿದುಬಂದಿದೆ. ಪಂಚೆಯ ಮೇಲೆ ಸಿಕ್ಕಿದ ನೇರಳೆಯ ಬೀಜಗಳನ್ನು ಹುಡುಗರು ಎಸೆಯಲಿಲ್ಲ. ಮರದ ಹಿಂದೆ ಮಣ್ಣಿನಲ್ಲಿ ಒತ್ತಿದರು. ಒಂದು ಮೊಳೆತಿದೆ. ಗೇಣುದ್ದದ ಗಿಡ, ಚಿಗುರು ತಾಮ್ರದ ಬಣ್ಣ. ಸುತ್ತಲೂ ನಾಲ್ಕು ಇಟ್ಟಿಗೆ ಚೂರುಗಳನ್ನಿಟ್ಟಿದ್ದಾರೆ. ದಿನವೂ ಬೆಳಿಗ್ಗೆ ಗುಡಿಸಲು ಬರುವ ಆಯಮ್ಮನವರಿಗೆ ಯಾರೂ ಏನೂ ಹೇಳಿಲ್ಲ. ಅವರ ಪೊರಕೆ ಆ ಇಟ್ಟಿಗೆಗಳ ಬಳಿಗೆ ಬಂದಾಗ ಸ್ವಲ್ಪ ಬಳಸಿ ಹೋಗುವುದನ್ನು ನಾವು ಕಿಟಕಿಯಿಂದ ನೋಡಿದ್ದೇವೆ.